ಯುದ್ಧ ಮುಗಿಯುವ ಮೊದಲೇ ಬಿದ್ದ ಸಹಿ: ಟಿಬಿ (ತುಂಗಭದ್ರಾ) ಡ್ಯಾಂ ಹಿಂದಿನ ಯುದ್ಧಕಾಲದ ಲೆಕ್ಕಾಚಾರ

1945ರ ಫೆಬ್ರವರಿ 28. ತುಂಗಭದ್ರೆಯ ಬಲದಂಡೆಯಲ್ಲಿ, ಹೊಸಪೇಟೆ ಕಡೆಗೆ, ಮದ್ರಾಸ್ ಪ್ರಾಂತ್ಯದ ಗವರ್ನರ್ ಸರ್ ಆರ್ಥರ್ ಹೋಪ್ ಒಂದು ಅಡಿಗಲ್ಲು ಇಟ್ಟರು. ಎಡದಂಡೆಯಲ್ಲಿ, ಹೈದರಾಬಾದ್ ಸಂಸ್ಥಾನದ ಕಡೆಗೆ, ನಿಜಾಮರ ಹಿರಿಯ ಮಗ, ಬೇರಾರಿನ ಯುವರಾಜ ಆಜಂ ಜಾ ಇನ್ನೊಂದು ಅಡಿಗಲ್ಲು ಇಟ್ಟರು. ನದಿ ಒಂದೇ, ಅಣೆಕಟ್ಟು ಒಂದೇ. ಸರ್ಕಾರ ಎರಡು, ಹಾಗಾಗಿ ಕಲ್ಲೂ ಎರಡು.

ಆಗಿನ್ನೂ ಎರಡನೇ ಮಹಾಯುದ್ಧ ಮುಗಿದಿರಲಿಲ್ಲ. ಬರ್ಮಾದ ಮೆಯ್ಕ್ಟಿಲಾ ಊರನ್ನು ಹಿಡಿಯಲು ಭಾರತೀಯ ಸೈನಿಕರು ಜಪಾನಿಗಳ ಜೊತೆ ಗುಂಡಿನ ಕಾಳಗ ನಡೆಸುತ್ತಿದ್ದದ್ದು ಅದೇ ವಾರ. ಹಿಟ್ಲರ್ ಬದುಕಿದ್ದ. ಜಪಾನ್ ಶರಣಾಗಲು ಇನ್ನೂ ಐದಾರು ತಿಂಗಳಿತ್ತು. ಊರಲ್ಲಿ ಅಕ್ಕಿ, ಬಟ್ಟೆ, ಸೀಮೆಎಣ್ಣೆ ಎಲ್ಲದಕ್ಕೂ ಕಂಟ್ರೋಲು. ಸಿಮೆಂಟು, ಕಬ್ಬಿಣ ಬಂದರೆ ಮೊದಲು ಸೇನೆಗೆ, ಉಳಿದರೆ ಜನಕ್ಕೆ. ಇಂಥ ಹೊತ್ತಲ್ಲಿ ದೇಶದ ದೊಡ್ಡ ಅಣೆಕಟ್ಟುಗಳಲ್ಲಿ ಒಂದಕ್ಕೆ ಕಲ್ಲು ಇಡುವ ಧೈರ್ಯ ಎಲ್ಲಿಂದ ಬಂತು? ಕಟ್ಟಲು ಸಾಮಾನೇ ಇಲ್ಲದಿದ್ದರೂ ಕಲ್ಲು ಯಾಕೆ ಇಟ್ಟರು?

ಇದಕ್ಕೆ ಉತ್ತರ ಬೇಕಿದ್ದರೆ ಆ ಕಾಲದ ಸರ್ಕಾರಗಳು ಮಾಡುತ್ತಿದ್ದ ಒಂದು ವಿಚಿತ್ರ ಕೆಲಸವನ್ನು ನೋಡಬೇಕು. ಯುದ್ಧ ನಡೆಯುತ್ತಿರುವಾಗಲೇ, ಯುದ್ಧ ಮುಗಿದ ಮೇಲೆ ದೇಶವನ್ನು ಹೇಗೆ ಕಟ್ಟಬೇಕು ಅಂತ ಕಾಗದದ ಮೇಲೆ ಬರೆದಿಡುವ ಕೆಲಸ. ಲಂಡನ್‌ನಲ್ಲಿ ಅದು ನಡೆಯಿತು, ದೆಹಲಿಯಲ್ಲಿ ನಡೆಯಿತು, ಮದ್ರಾಸು, ಹೈದರಾಬಾದುಗಳಲ್ಲೂ ನಡೆಯಿತು. ಆಗ ಬರೆದ ರಾಶಿ ರಾಶಿ ವರದಿಗಳಲ್ಲಿ ಬಹಳಷ್ಟು ಧೂಳು ಹಿಡಿದವು. ಕೆಲವು ಮಾತ್ರ ಇವತ್ತಿಗೂ ನಮ್ಮ ಹೊಲಕ್ಕೆ ನೀರು ಬಿಡುತ್ತಿವೆ, ಅಥವಾ ಬಿಡದೆ ಸತಾಯಿಸುತ್ತಿವೆ.

ಸೋಲು-ಗೆಲುವು ತೀರ್ಮಾನ ಆಗುವ ಮೊದಲೇ ಯಾಕೆ?

ಮೊದಲ ಕಾರಣ ಹಳೇ ಕಹಿ. 1914-18ರ ಮೊದಲ ಮಹಾಯುದ್ಧದಲ್ಲೂ ಬ್ರಿಟನ್ 1917ರಲ್ಲಿ ಪುನರ್‌ನಿರ್ಮಾಣಕ್ಕೆ ಅಂತ ಒಂದು ಸಚಿವಾಲಯ ಮಾಡಿತ್ತು. ಗೆದ್ದು ಬಂದ ಸೈನಿಕರಿಗೆ ಒಳ್ಳೇ ಮನೆ ಕೊಡುತ್ತೇವೆ ಅಂತ ಹೇಳಿತ್ತು. ಯುದ್ಧ ಮುಗಿದ ಮೇಲೆ ಒಂದೆರಡು ವರ್ಷ ವ್ಯಾಪಾರ ಜೋರಾಗಿ ನಡೆದು, ಆಮೇಲೆ ಧೊಪ್ಪನೆ ಬಿತ್ತು. 1921ರ ಹೊತ್ತಿಗೆ ಅಲ್ಲಿ 20 ಲಕ್ಷ ಜನಕ್ಕೆ ಕೆಲಸ ಇರಲಿಲ್ಲ. ನಮ್ಮಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಿತ್ತು. ಬೆಲೆ ಏರಿತು, 1918ರ ಇನ್‌ಫ್ಲುಯೆಂಜಾ ಒಂದು ಕೋಟಿಗೂ ಜಾಸ್ತಿ ಜನರನ್ನು ತಿಂದಿತು, 1919ರಲ್ಲಿ ಜಲಿಯನ್‌ವಾಲಾ ಬಾಗ್ ಆಯಿತು. ಯುದ್ಧದ ನಂತರದ ವರ್ಷಗಳು ಯುದ್ಧಕ್ಕಿಂತ ಅಪಾಯ ಅನ್ನುವುದು ಅಧಿಕಾರಿಗಳಿಗೆ ಅರ್ಥವಾಗಿತ್ತು.

ಹಾಗಾಗಿ ಎರಡನೇ ಸಲ ಅವರು ಬೇಗ ಶುರು ಮಾಡಿದರು. ಲಂಡನ್ ಮೇಲೆ ಬಾಂಬ್ ಬಿದ್ದ ಬಿಸಿ ಇನ್ನೂ ಆರಿರಲಿಲ್ಲ, 1941ರಲ್ಲೇ ಬ್ರಿಟನ್ನಿನಲ್ಲಿ ಒಬ್ಬ ಸಚಿವರಿಗೆ ಈ ಕೆಲಸ ಒಪ್ಪಿಸಲಾಯಿತು. 1942ರ ಡಿಸೆಂಬರಿನಲ್ಲಿ ವಿಲಿಯಂ ಬೆವರಿಜ್ ವರದಿ ಬಂತು. ಬಡತನ, ರೋಗ, ಅಜ್ಞಾನ, ಕೊಳಕು ವಸತಿ, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಸರ್ಕಾರವೇ ಎದುರಿಸಬೇಕು ಅಂತ ಅದು ಹೇಳಿತು. ಸರ್ಕಾರಿ ವರದಿಯೊಂದನ್ನು ಜನ ಸಾಲು ನಿಂತು ಕೊಂಡುಕೊಂಡರು. 1944ರಲ್ಲಿ ಶಿಕ್ಷಣ ಕಾಯ್ದೆ, 1948ರಲ್ಲಿ ಎಲ್ಲರಿಗೂ ಉಚಿತ ಆರೋಗ್ಯ ಸೇವೆ. ಇವೆರಡೂ ಯುದ್ಧ ನಡೆಯುವಾಗಲೇ ಹಾಕಿದ ಯೋಜನೆಯ ಫಲ.

ಎರಡನೇ ಕಾರಣ ಸೈನಿಕರು. ಯುದ್ಧ ಮುಗಿಯುವಾಗ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಬಂದೂಕು ಹಿಡಿದು, ಲಾರಿ ಓಡಿಸಿ, ಆಫ್ರಿಕಾ, ಇಟಲಿ ನೋಡಿ ಬಂದವರನ್ನು ಕೈಯಲ್ಲಿ ರೈಲಿನ ಪಾಸು ಕೊಟ್ಟು ಊರಿಗೆ ಕಳಿಸಿದರೆ ಸುಮ್ನೆ ಕೂರುತ್ತಾರಾ? ಅವರಿಗೆ ಕೆಲಸ ಬೇಕು. ರಸ್ತೆ, ಕಾಲುವೆ, ಅಣೆಕಟ್ಟು ಇವೆಲ್ಲ ಆ ಲೆಕ್ಕದಲ್ಲಿ ಕೆಲಸ ಕೊಡುವ ದಾರಿಗಳು.

ಮೂರನೇ ಕಾರಣ ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಯೋಜನೆ ಮಾಡುವ ಅಭ್ಯಾಸವನ್ನು ಸರ್ಕಾರಕ್ಕೆ ಕಲಿಸಿದ್ದು ರೇಷನ್ ಕಾರ್ಡು. 1939ರ ತನಕ ಮಾರುಕಟ್ಟೆಯಲ್ಲಿ ಅಕ್ಕಿ ರೇಟು ಎಷ್ಟು ಅನ್ನುವುದು ಸರ್ಕಾರದ ತಲೆನೋವಾಗಿರಲಿಲ್ಲ. 1942ರಲ್ಲಿ ಬರ್ಮಾ ಜಪಾನಿಗಳ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದ ಕ್ಷಾಮ. ಅದರಲ್ಲಿ ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಆಮೇಲೆ ಯಾರ ಮನೆಯಲ್ಲಿ ಎಷ್ಟು ಜನ, ಯಾವ ಜಿಲ್ಲೆಯಲ್ಲಿ ಎಷ್ಟು ದವಸ, ಯಾವ ರೈಲು ಡಬ್ಬಿಯಲ್ಲಿ ಏನು ಹೋಗಬೇಕು ಎಲ್ಲವನ್ನೂ ಸರ್ಕಾರ ಎಣಿಸಲು ಶುರು ಮಾಡಿತು. ಎಣಿಸಲು ಕಲಿತ ಸರ್ಕಾರ ಯೋಜನೆ ಹಾಕದೆ ಇರುತ್ತದಾ?

ರಾಜಕೀಯವೂ ಇತ್ತು. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಎದ್ದ ಮೇಲೆ ಕಾಂಗ್ರೆಸ್ಸಿನ ನಾಯಕರೆಲ್ಲ ಜೈಲು ಸೇರಿದರು. ಬಳ್ಳಾರಿಯ ಅಲೀಪುರ ಜೈಲಿನಲ್ಲೂ ಚಳವಳಿಗಾರರಿದ್ದರು. ಹೊರಗೆ ಕ್ಷಾಮ, ಒಳಗೆ ನಾಯಕರು. ಇಂಥ ಸರ್ಕಾರಕ್ಕೆ ಜನರ ಮುಂದೆ ತೋರಿಸಲು ಏನಾದರೂ ಬೇಕಿತ್ತು. ನಾಳೆ ಒಳ್ಳೇದಾಗುತ್ತದೆ ಅನ್ನುವ ಕಾಗದಕ್ಕಿಂತ ಅಗ್ಗದ್ದು ಬೇರೆ ಏನಿದೆ?

ದೆಹಲಿಯಲ್ಲಿ ನಡೆದದ್ದು

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಬ್ರಿಟನ್ನಿನಲ್ಲಿ ಬಾಂಬ್ ಬಿದ್ದು ನೆಲಸಮವಾದ ಬೀದಿಗಳಿದ್ದವು. ನಮ್ಮಲ್ಲಿ ವಿಶಾಖಪಟ್ಟಣ, ಕಾಕಿನಾಡ, ಕಲ್ಕತ್ತಾ ಕಡೆ ಜಪಾನಿ ವಿಮಾನ ಬಾಂಬ್ ಹಾಕಿದ್ದು ನಿಜ. ಆದರೆ ಭಾರತದ ಕಷ್ಟ ಬೇರೆ ಥರದ್ದು. ಇಲ್ಲಿ ಆಸ್ಪತ್ರೆ, ಶಾಲೆ, ರಸ್ತೆ, ಕರೆಂಟು ಇದ್ದು ಬಿದ್ದುಹೋಗಿರಲಿಲ್ಲ. ಬಹುಪಾಲು ಹಳ್ಳಿಗಳಲ್ಲಿ ಅವು ಇರಲೇ ಇಲ್ಲ.

1941ರಲ್ಲಿ ದೆಹಲಿಯಲ್ಲಿ ಇಲಾಖೆವಾರು ಪುನರ್‌ನಿರ್ಮಾಣ ಸಮಿತಿಗಳಾದವು. ಮೊದಲು ಅವು ತೂಕಡಿಸಿದವು ಅಂತಲೇ ಹೇಳಬೇಕು. 1943ರಲ್ಲಿ ವೈಸ್‌ರಾಯ್ ಅವರೇ ಅಧ್ಯಕ್ಷರಾದ ಸಮಿತಿ ಬಂತು. 1944ರಲ್ಲಿ ಯೋಜನೆ ಮತ್ತು ಅಭಿವೃದ್ಧಿಗೆ ಅಂತಲೇ ಒಂದು ಇಲಾಖೆ ತೆರೆದರು. ಅದನ್ನು ಒಪ್ಪಿಸಿದ್ದು ಸರ್ ಅರ್ದೇಶಿರ್ ದಲಾಲ್ ಅವರಿಗೆ. ಇವರು ಟಾಟಾ ಕಂಪನಿಯ ಮನುಷ್ಯ. ಅದೇ ವರ್ಷದ ಜನವರಿಯಲ್ಲಿ ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ ಮೊದಲಾದ ಉದ್ಯಮಿಗಳು ಸೇರಿ ‘ಬಾಂಬೆ ಪ್ಲಾನ್’ ಅಂತ ಒಂದು ಯೋಜನೆ ಹೊರತಂದಿದ್ದರು. 15 ವರ್ಷ, 10,000 ಕೋಟಿ ರೂಪಾಯಿ. ಅದಕ್ಕೆ ಸಹಿ ಹಾಕಿದ ಎಂಟು ಜನರಲ್ಲಿ ದಲಾಲ್ ಕೂಡ ಒಬ್ಬರು. ದೊಡ್ಡ ಉದ್ಯಮಿಗಳೇ ಸರ್ಕಾರ ಮುಂದೆ ನಿಂತು ಯೋಜನೆ ಮಾಡಬೇಕು ಅಂದ ಕಾಲ ಅದು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಅಲ್ವಾ?

ಪ್ರಾಂತ್ಯಗಳಿಗೆ ಐದೈದು ವರ್ಷದ ಯೋಜನೆ ಬರೆದು ಕಳಿಸಿ ಅಂತ ಸೂಚನೆ ಹೋಯಿತು. ವರದಿಗಳ ಮಳೆಯೇ ಸುರಿಯಿತು. ಅದರಲ್ಲಿ ಮೂರರ ಗುರುತು ನಮ್ಮ ಊರುಗಳಲ್ಲಿ ಇನ್ನೂ ಸಿಗುತ್ತದೆ. 1943ರ ಡಿಸೆಂಬರಿನಲ್ಲಿ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ರಸ್ತೆಗಳಿಗೆ 20 ವರ್ಷದ ಯೋಜನೆ ಮಾಡಿದರು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಅಂತ ನಾವು ಈಗಲೂ ಮಾಡುವ ವಿಂಗಡಣೆ ಅಲ್ಲಿಂದ ಬಂತು. ಒಳ್ಳೇ ಬೇಸಾಯ ಇರುವ ಕಡೆ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ದೂರ ಇರಬಾರದು ಅನ್ನುವುದು ಅವರ ಗುರಿ. ಸರ್ ಜೋಸೆಫ್ ಭೋರ್ ಸಮಿತಿ 1943ರಲ್ಲಿ ಶುರುವಾಗಿ 1946ರಲ್ಲಿ ವರದಿ ಕೊಟ್ಟಿತು. ಇವತ್ತಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೂಲ ಅದೇ. 1944ರ ಜಾನ್ ಸಾರ್ಜೆಂಟ್ ವರದಿ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು 40 ವರ್ಷ ಬೇಕು ಅಂತು. 40 ವರ್ಷವಾ, ಇದೇನು ಆಮೆ ನಡಿಗೆ ಅಂತ ಆಗಿನವರು ಬೈದರು. ನಮ್ಮ ಸಂವಿಧಾನ ಅದನ್ನು 10 ವರ್ಷಕ್ಕೆ ಇಳಿಸಿತು. ಕೊನೆಗೆ ಶಿಕ್ಷಣ ಹಕ್ಕಿನ ಕಾಯ್ದೆ ಬಂದದ್ದು 2009ರಲ್ಲಿ. ರಾಯಚೂರು, ಕೊಪ್ಪಳದ ಹತ್ತಿ ಹೊಲಗಳಲ್ಲಿ ಬಿಡಿಸುವ ಕಾಲಕ್ಕೆ ಮಕ್ಕಳನ್ನು ನೋಡಿದವರಿಗೆ ಸಾರ್ಜೆಂಟ್ ಸಾಹೇಬರದ್ದು ಅವಸರದ ಲೆಕ್ಕ ಅನ್ನಿಸಿದರೂ ಆಶ್ಚರ್ಯವಿಲ್ಲ.

ನೀರು ಮತ್ತು ಕರೆಂಟಿನ ವಿಷಯ ಡಾ. ಬಿ.ಆರ್. ಅಂಬೇಡ್ಕರ್ ಅವರ ಕೈಯಲ್ಲಿತ್ತು. 1942ರ ಜುಲೈನಿಂದ 1946ರ ತನಕ ಅವರು ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರು, ಅಂದರೆ ಈಗಿನ ಮಂತ್ರಿಯ ಹಾಗೆ. ನೀರಾವರಿ, ವಿದ್ಯುತ್ ಎರಡೂ ಅದೇ ಇಲಾಖೆಗೆ ಸೇರಿದ್ದವು. 1943ರಲ್ಲಿ ದಾಮೋದರ್ ನದಿ ಉಕ್ಕಿ ಕಲ್ಕತ್ತಾಕ್ಕೆ ಹೋಗುವ ರೈಲು ಹಳಿ ಕೊಚ್ಚಿಹೋಯಿತು. ಯುದ್ಧದ ಸಾಮಾನು ಸಾಗಿಸುವ ದಾರಿ ಅದು. ಆಗ ಸರ್ಕಾರ ಬೆಚ್ಚಿಬಿತ್ತು. ನದಿಯನ್ನು ರಾಜ್ಯಗಳ ಗಡಿ ನೋಡದೆ ಒಂದೇ ಘಟಕವಾಗಿ ನೋಡಬೇಕು, ಒಂದೇ ಅಣೆಕಟ್ಟಿನಿಂದ ಪ್ರವಾಹ ತಡೆ, ನೀರಾವರಿ, ವಿದ್ಯುತ್ ಮೂರೂ ಆಗಬೇಕು ಅನ್ನುವುದು ಅಂಬೇಡ್ಕರ್ ಇಲಾಖೆಯ ನಿಲುವು. 1945ರಲ್ಲಿ ಕೇಂದ್ರ ಜಲ ಆಯೋಗದ ಮೊದಲ ರೂಪ ಹುಟ್ಟಿದ್ದೂ ಇದೇ ಇಲಾಖೆಯಿಂದ.

ಆದರೆ ತುಂಗಭದ್ರಾ ದೆಹಲಿಯ ಯೋಜನೆಯಾಗಿರಲಿಲ್ಲ. 1935ರ ಕಾಯ್ದೆಯ ಪ್ರಕಾರ ನೀರಾವರಿ ಪ್ರಾಂತ್ಯಗಳ ವಿಷಯ. ಹೈದರಾಬಾದಂತೂ ಸಂಸ್ಥಾನ. ಅದಕ್ಕೆ ದೆಹಲಿ ಹೀಗೆ ಮಾಡು ಅಂತ ಆಜ್ಞೆ ಮಾಡುವಂತಿರಲಿಲ್ಲ. ಇಬ್ಬರೂ ತಾವೇ ಕೂತು ಮಾತಾಡಬೇಕಿತ್ತು.

ದುಡ್ಡು ಎಲ್ಲಿತ್ತು?

ಲಂಡನ್‌ನಲ್ಲಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಯುದ್ಧದ ಉದ್ದಕ್ಕೂ ಬ್ರಿಟನ್ ಭಾರತದಿಂದ ಬಟ್ಟೆ, ದವಸ, ಸೆಣಬು, ಅದಿರು ಎಲ್ಲ ತರಿಸಿಕೊಂಡಿತು. ವಿದೇಶದಲ್ಲಿ ಹೋರಾಡುವ ಭಾರತೀಯ ಸೇನೆಯ ಖರ್ಚಿನಲ್ಲೂ ದೊಡ್ಡ ಪಾಲು ಅದೇ ಕೊಡಬೇಕು ಅಂತ 1939ರಲ್ಲಿ ಒಪ್ಪಂದವಾಗಿತ್ತು. ಆದರೆ ಕೈಯಲ್ಲಿ ಕಾಸಿರಲಿಲ್ಲ. ಹಾಗಾಗಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿದ ಹಾಗೆ ಬರೆಸುತ್ತಾ ಹೋಯಿತು. ಸಾಮಾನು ಈಗ, ದುಡ್ಡು ಆಮೇಲೆ. ಉದ್ರಿ ಪುಸ್ತಕ ಇಟ್ಟವರು ರಿಸರ್ವ್ ಬ್ಯಾಂಕ್. ಲಂಡನ್‌ನಲ್ಲಿ ಪೌಂಡಿನ ಲೆಕ್ಕ ಏರಿದಷ್ಟೂ ಇಲ್ಲಿ ಅದರ ಆಧಾರದ ಮೇಲೆ ರೂಪಾಯಿ ನೋಟು ಅಚ್ಚಾಗುತ್ತಿತ್ತು. ಯುದ್ಧ ಮುಗಿಯುವಾಗ ಬ್ರಿಟನ್ ನಮಗೆ ಕೊಡಬೇಕಿದ್ದ ಬಾಕಿ ಸುಮಾರು 130 ಕೋಟಿ ಪೌಂಡು. ಆಗಿನ ದರದಲ್ಲಿ 1,700 ಕೋಟಿ ರೂಪಾಯಿಗೂ ಜಾಸ್ತಿ. ಯುದ್ಧಕ್ಕೆ ಮೊದಲು ಸಾಲಗಾರ ಆಗಿದ್ದ ಭಾರತ ಈಗ ಸಾಲ ಕೊಟ್ಟವನು.

ಕೇಳಲು ಚೆಂದ. ಆದರೆ ಆ ಉದ್ರಿಯ ಭಾರ ಹೊತ್ತವರು ಯಾರು? ಸಾಮಾನು ದೇಶದಿಂದ ಹೊರಗೆ ಹೋಯಿತು, ನೋಟು ಒಳಗೆ ಉಳಿಯಿತು. ಸಾಮಾನು ಕಡಿಮೆ, ನೋಟು ಜಾಸ್ತಿ ಆದರೆ ಬೆಲೆ ಏರಲೇಬೇಕು. ಯುದ್ಧದ ಆರು ವರ್ಷದಲ್ಲಿ ಸಗಟು ಬೆಲೆ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಜೋಳದ ರೊಟ್ಟಿಗೆ ಕೂಲಿ ಸಾಲದೆ ಹೋದವರೇ ಆ ಸಾಲ ಕೊಟ್ಟವರು.

ಯೋಜನೆ ಬರೆದವರೆಲ್ಲ ಈ ಬಾಕಿಯ ಮೇಲೆ ಕಣ್ಣಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಬ್ರಿಟನ್ ಆ ದುಡ್ಡಿಗೆ ಯಂತ್ರ ಕೊಡುತ್ತದೆ, ಅದರಿಂದ ಕಾರ್ಖಾನೆ, ಪವರ್‌ಹೌಸು ಕಟ್ಟೋಣ ಅಂತ ಲೆಕ್ಕ. 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ವಿಶ್ವಬ್ಯಾಂಕ್, ಐಎಂಎಫ್ ಕಟ್ಟುವಾಗ ಚಿಂತಾಮಣ ದೇಶಮುಖ್, ಷಣ್ಮುಖಂ ಚೆಟ್ಟಿ ಇದ್ದ ಭಾರತದ ತಂಡ ಈ ಬಾಕಿಯ ಪ್ರಶ್ನೆ ಎತ್ತಿತು. ಅದು ನಮ್ಮಿಬ್ಬರ ನಡುವಿನ ವಿಷಯ, ನಾವೇ ನೋಡಿಕೊಳ್ಳುತ್ತೇವೆ ಅಂತ ಬ್ರಿಟನ್ ಪಕ್ಕಕ್ಕೆ ಸರಿಸಿತು. ಕೊನೆಗೆ ದುಡ್ಡು ಬಂತು, ಆದರೆ ಸ್ವಾತಂತ್ರ್ಯದ ನಂತರ, ಕಂತು ಕಂತಾಗಿ. ಅದರಲ್ಲಿ ಒಂದಷ್ಟು ವಿದೇಶದಿಂದ ದವಸ ತರಿಸಲೇ ಖರ್ಚಾಯಿತು.

ಎರಡು ದಡ, ಎರಡು ಸರ್ಕಾರ

ಈಗ ನದಿಗೆ ಬರೋಣ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ತುಂಗಭದ್ರೆಯೇ ಗಡಿ. ಬಲಕ್ಕೆ ಬಳ್ಳಾರಿ, ಮದ್ರಾಸಿಗೆ. ಎಡಕ್ಕೆ ಕೊಪ್ಪಳ, ರಾಯಚೂರು, ಹೈದರಾಬಾದಿಗೆ. ಎರಡೂ ಕಡೆ ಕನ್ನಡ ಮಾತಾಡುವವರೇ. ಎರಡೂ ಕಡೆ ಕಪ್ಪು ಎರೆ ಭೂಮಿ, ಮಳೆ ನೆಚ್ಚಿದ ಜೋಳ, ಹತ್ತಿ. ಎರಡೂ ಕಡೆ ಬರ.

ಇಲ್ಲಿ ಅಣೆಕಟ್ಟು ಕಟ್ಟುವ ವಿಚಾರ ಹೊಸದೇನಲ್ಲ. 1860ರ ಸುಮಾರಿಗೇ ಸರ್ ಆರ್ಥರ್ ಕಾಟನ್ ಎಂಬ ಎಂಜಿನಿಯರ್ ಅದನ್ನು ಹೇಳಿದ್ದ. 1876-78ರ ದೊಡ್ಡ ಬರದಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆಯೇ ಕುಸಿದಾಗ ಆ ಮಾತು ಮತ್ತೆ ಎದ್ದಿತು. ಆಮೇಲೂ ಪ್ರತಿ ಬರಕ್ಕೂ ಏಳುತ್ತಿತ್ತು, ಮಳೆ ಬಂದರೆ ಮಲಗುತ್ತಿತ್ತು. ಸರ್ವೆ ಆಯಿತು, ನಕ್ಷೆ ಆಯಿತು. ತಡೆಯುತ್ತಿದ್ದದ್ದು ಕಲ್ಲು, ಸುಣ್ಣ ಅಲ್ಲವೇ ಅಲ್ಲ. ನೀರು ಯಾರಿಗೆ ಎಷ್ಟು ಅನ್ನುವ ಜಗಳ. ಅಣೆಕಟ್ಟಿನ ಒಂದು ತುದಿ ಒಬ್ಬರ ನೆಲದಲ್ಲಿ, ಇನ್ನೊಂದು ತುದಿ ಇನ್ನೊಬ್ಬರ ನೆಲದಲ್ಲಿ. ಮೇಲೆ ತುಂಗಾ, ಭದ್ರಾ ಹುಟ್ಟುವ ಮೈಸೂರು ಬೇರೆ. ಒಬ್ಬರು ಒಪ್ಪದಿದ್ದರೂ ಮುಗಿಯಿತು.

ಆ ಗಂಟು ಬಿಚ್ಚಿದ್ದು 1944ರ ಜೂನ್‌ನಲ್ಲಿ. ಮದ್ರಾಸ್ ಮತ್ತು ಹೈದರಾಬಾದ್ ಒಪ್ಪಂದ ಮಾಡಿಕೊಂಡವು. ತಲಾ 65 ಟಿಎಂಸಿ ನೀರು ತೆಗೆದುಕೊಳ್ಳುವುದು, ಅಣೆಕಟ್ಟಿನ ಕೆಲಸ ಶುರು ಮಾಡುವುದು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಅದೇ ವರ್ಷ ಮೈಸೂರಿನ ಜೊತೆಗೂ ಮದ್ರಾಸ್ ಒಂದು ಒಪ್ಪಂದಕ್ಕೆ ಬಂತು.

ಎಂಬತ್ತು ವರ್ಷ ಆಗದ್ದು ಆಗಲೇ ಯಾಕೆ ಆಯಿತು? ಅಕ್ಕಿಯ ಹಾಹಾಕಾರ ಒಂದು ಕಾರಣ. ಯುದ್ಧದ ನಂತರ ದುಡ್ಡು, ಯಂತ್ರ ಹಂಚುವಾಗ ಸಿದ್ಧವಾಗಿರುವ ಯೋಜನೆಗೆ ಮೊದಲ ಪಾಲು ಅನ್ನುವ ಆಸೆ ಇನ್ನೊಂದು. ನನಗೆ ಮಾತ್ರ ಮೂರನೇದು ಎದ್ದು ಕಾಣುತ್ತದೆ. ಆಗ ಎರಡೂ ಕಡೆ ಜನರನ್ನು ಕೇಳಬೇಕಾದ ಸರ್ಕಾರವೇ ಇರಲಿಲ್ಲ. ಯುದ್ಧಕ್ಕೆ ಭಾರತವನ್ನು ಕೇಳದೆ ಎಳೆದದ್ದನ್ನು ಪ್ರತಿಭಟಿಸಿ ರಾಜಾಜಿ ಮಂತ್ರಿಮಂಡಲ 1939ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟಿತ್ತು. ಅಲ್ಲಿಂದ ಮದ್ರಾಸಿನಲ್ಲಿ ಗವರ್ನರನದೇ ಆಡಳಿತ. ಹೈದರಾಬಾದಿನಲ್ಲಿ ನಿಜಾಮರ ಮಾತೇ ಕೊನೆ ಮಾತು. ನಮ್ಮ ಜಿಲ್ಲೆಗೆ ಕಡಿಮೆ ಬಂತು ಅಂತ ಸದನದಲ್ಲಿ ಎದ್ದು ನಿಲ್ಲುವ ಶಾಸಕನಿಲ್ಲ, ಮುಂದಿನ ಚುನಾವಣೆಯ ಭಯವಿಲ್ಲ. ಅಧಿಕಾರಿಗಳು, ಎಂಜಿನಿಯರುಗಳು ಕೂತರು, ಅರ್ಧ ಅರ್ಧ ಮಾಡಿದರು, ಸಹಿ ಬಿತ್ತು.

ಇದರ ಲಾಭವನ್ನೂ ಹೇಳಬೇಕು, ನಷ್ಟವನ್ನೂ ಹೇಳಬೇಕು. ಸಹಿ ಬೀಳದಿದ್ದರೆ 1947ರ ನಂತರದ ಗಲಾಟೆಯಲ್ಲಿ ಈ ಡ್ಯಾಂ ಇನ್ನೂ ಎಷ್ಟು ವರ್ಷ ಹಿಂದೆ ಬೀಳುತ್ತಿತ್ತೋ. ನಷ್ಟ ಏನೆಂದರೆ, ಮುಳುಗುವವರನ್ನು ಯಾರೂ ಕೇಳಲಿಲ್ಲ. ಸುಮಾರು 90 ಹಳ್ಳಿಗಳು ನೀರಿನಡಿ ಹೋದವು. ನಾರಾಯಣದೇವರಕೆರೆಯಂಥ ದೊಡ್ಡ ಊರು ಹೋಯಿತು, ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಯುದ್ಧಾನಂತರದ ಯೋಜನೆಗಳಲ್ಲಿ ಎಕರೆ, ಟಿಎಂಸಿ, ರೂಪಾಯಿ ಲೆಕ್ಕ ಇದ್ದಷ್ಟು ವಿವರವಾಗಿ ಮನೆ ಬಿಡುವವರ ಲೆಕ್ಕ ಇರುತ್ತಿರಲಿಲ್ಲ.

ಕಲ್ಲು ಇಟ್ಟ ಮೇಲೆ

ಅಡಿಗಲ್ಲು ಬಿದ್ದರೂ ಕೆಲಸ ನಿಜವಾಗಿ ಬಿರುಸಾದದ್ದು 1949ರಲ್ಲಿ. ಮಧ್ಯದ ನಾಲ್ಕು ವರ್ಷದಲ್ಲಿ ಜಗತ್ತೇ ಬದಲಾಗಿತ್ತು. ದೆಹಲಿಯ ಯೋಜನಾ ಇಲಾಖೆಯನ್ನು 1946ರಲ್ಲೇ ಮುಚ್ಚಿದರು. 1947ರಲ್ಲಿ ಸ್ವಾತಂತ್ರ್ಯ ಬಂತು. ಹೈದರಾಬಾದ್ ಭಾರತಕ್ಕೆ ಸೇರಲಿಲ್ಲ. ಎಡದಂಡೆಯ ಜನ ನಿಜಾಮರ ಪರ ನಿಂತ ರಜಾಕಾರರ ಪಡೆಯ ಹಾವಳಿಗೆ ಹೆದರಿ ಹೊಳೆ ದಾಟಿ ಬಳ್ಳಾರಿ ಕಡೆ ಓಡುತ್ತಿದ್ದ ದಿನಗಳವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಹೈದರಾಬಾದ್ ಭಾರತದ ಕೈಗೆ ಬಂದ ಮೇಲಷ್ಟೇ ಎರಡೂ ದಡದಲ್ಲಿ ಒಟ್ಟಿಗೆ ಕೆಲಸ ಮಾಡುವ ಹಾಗಾಯಿತು.

ಅಣೆಕಟ್ಟನ್ನು ಕಲ್ಲು, ಸುಣ್ಣ ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದರು. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆ, ಮಣ್ಣಿನ ಪುಡಿ. ಸಿಮೆಂಟು ಸುಲಭಕ್ಕೆ ಸಿಗದ ಕಾಲದಲ್ಲಿ ಅದು ಸರಿಯಾದ ದಾರಿಯೂ ಆಗಿತ್ತು, ಸಾವಿರಾರು ಕೂಲಿಯವರಿಗೆ ಕೆಲಸವೂ ಆಯಿತು. 1951ರ ಮೊದಲ ಪಂಚವಾರ್ಷಿಕ ಯೋಜನೆ ಬಂದಾಗ ತುಂಗಭದ್ರಾ ಅದರ ಪಟ್ಟಿಯೊಳಗೆ ಸೇರಿತು. ಆ ಯೋಜನೆಯ ದೊಡ್ಡ ಪಾಲು ಹೀಗೆ ಆಗಲೇ ನಡೆಯುತ್ತಿದ್ದ ಕೆಲಸಗಳೇ. 1953ರ ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು.

ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಬಂತು. ಮದ್ರಾಸಿಗೆ ಈ ನದಿಯ ಸಂಬಂಧವೇ ಹರಿಯಿತು. 1956ರಲ್ಲಿ ಹೈದರಾಬಾದ್ ರಾಜ್ಯವೇ ಹೋಳಾಗಿ ರಾಯಚೂರು, ಕೊಪ್ಪಳ ಮೈಸೂರು ಸೇರಿದವು. 1944ರಲ್ಲಿ ಸಹಿ ಹಾಕಿದ ಎರಡು ಸರ್ಕಾರಗಳಲ್ಲಿ ಒಂದೂ ಈ ನದಿಯ ದಡದಲ್ಲಿ ಉಳಿಯಲಿಲ್ಲ. ಅವರ ಪಾಲಿನ ಹಕ್ಕು, ಜಗಳ ಎರಡೂ ವಾರಸುದಾರರಿಗೆ ಬಂದವು. ಅದನ್ನು ನೋಡಿಕೊಳ್ಳಲು 1953ರಲ್ಲೇ ತುಂಗಭದ್ರಾ ಮಂಡಳಿ ಮಾಡಬೇಕಾಯಿತು. ಒಂದೇ ಭಾಷೆಯ ಎರಡೂ ದಂಡೆ ಈಗ ಕರ್ನಾಟಕದಲ್ಲಿವೆ, ಆದರೂ ಬಲದಂಡೆಯ ನೀರಿನಲ್ಲಿ ಒಂದು ಪಾಲು ಆಂಧ್ರಕ್ಕೆ ಹೋಗುತ್ತದೆ, ಗೇಟು ಎತ್ತಲು ಮಂಡಳಿ ಹೇಳಬೇಕು. ಹೊಸಬರಿಗೆ ಇದು ಗೊಂದಲ. ಗೊಂದಲದ ಬೇರು ಆ ಅರ್ಧ ಅರ್ಧದಲ್ಲಿದೆ.

ಬರ ತಡೆಯುವ ನೀರು, ಭತ್ತ ಬೆಳೆದ ರೈತ

ಯುದ್ಧಕಾಲದ ಯೋಜನೆಯ ಇನ್ನೊಂದು ಗುಣ ನಮ್ಮ ಕಾಲುವೆಗಳಲ್ಲಿ ಇವತ್ತಿಗೂ ಕಾಣುತ್ತದೆ. ಇದೊಂದು ಬರ ನಿವಾರಣೆಯ ಯೋಜನೆ. ಅಂದರೆ ಇದ್ದ ನೀರನ್ನು ಆದಷ್ಟು ಜಾಸ್ತಿ ಹಳ್ಳಿಗೆ, ತೆಳ್ಳಗೆ ಹಂಚಬೇಕು. ಯಾರೂ ಶ್ರೀಮಂತರಾಗದಿದ್ದರೂ ಬರದಲ್ಲಿ ಯಾರೂ ಸಾಯಬಾರದು. ಹಾಗಾಗಿ ಬಹುಪಾಲು ಅಚ್ಚುಕಟ್ಟಿಗೆ ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ, ಅಂದರೆ ಕಡಿಮೆ ನೀರು ಸಾಕಾಗುವ ಬೆಳೆ. ಭತ್ತ ಸ್ವಲ್ಪ ಜಾಗಕ್ಕೆ ಮಾತ್ರ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಸರ್ಕಾರವೇ ಗುರುತು ಮಾಡಿತು. ಲೋಕಲೈಸೇಶನ್ ಅಂತ ಅದಕ್ಕೆ ಹೆಸರು.

ರೈತ ಆ ನಕ್ಷೆ ಪ್ರಕಾರ ನಡೆಯಲಿಲ್ಲ. ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಭತ್ತ ಬೆಳೆಯಲು ಗೊತ್ತಿದ್ದವರು ಬಂದು ಜಮೀನು ಕೊಂಡರು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಸುತ್ತ ಕ್ಯಾಂಪುಗಳು, ಅಂದರೆ ಹೀಗೆ ಬಂದು ನೆಲೆಸಿದವರ ಊರುಗಳು ಎದ್ದವು. ಅವರನ್ನು ನೋಡಿ ಇಲ್ಲಿಯವರೂ ಭತ್ತಕ್ಕೆ ಇಳಿದರು. ರೈಸ್‌ಮಿಲ್ಲು ಬಂದವು, ಸೋನಾ ಮಸೂರಿ ಹೆಸರಾಯಿತು, ದುಡ್ಡು ಓಡಾಡಿತು. ಜೋಳಕ್ಕಿಂತ ಭತ್ತ ಎಷ್ಟೋ ಪಟ್ಟು ಜಾಸ್ತಿ ನೀರು ಕುಡಿಯುತ್ತದೆ. ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ಮೇಲ್ಭಾಗದವರು ಭತ್ತದ ಗದ್ದೆ ತುಂಬಿಸಿಕೊಂಡರೆ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದವರಿಗೆ ಉಳಿಯುವುದೇನು? ಪ್ರತಿ ವರ್ಷ ಅಲ್ಲಿ ಧರಣಿ, ರಸ್ತೆ ತಡೆ, ಕಾಲುವೆ ಮೇಲೆ ಪೊಲೀಸ್ ಕಾವಲು. ಕಾಲುವೆಗೆ ಯಾವಾಗ, ಎಷ್ಟು ನೀರು ಬಿಡಬೇಕು ಅಂತ ತೀರ್ಮಾನಿಸುವ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ ಅಂದರೆ ಈ ಭಾಗದಲ್ಲಿ ಚುನಾವಣೆಯಷ್ಟೇ ಕುತೂಹಲ.

ಇಲ್ಲಿ ರೈತನನ್ನು ಬೈಯಲು ನನಗೆ ಮನಸ್ಸಿಲ್ಲ. ಕಣ್ಣೆದುರು ನೀರು ಹರಿಯುವಾಗ, ಭತ್ತಕ್ಕೆ ಗ್ಯಾರಂಟಿ ಗಿರಾಕಿ ಇರುವಾಗ, ಜೋಳವನ್ನೇ ಹಾಕು ಅಂದರೆ ಯಾರು ಕೇಳುತ್ತಾರೆ? ರೇಷನ್ ಕಾರ್ಡಿನ ಕಾಲದ ಸರ್ಕಾರ ಎಲ್ಲವನ್ನೂ ಎಣಿಸಿ ಹಂಚಬಹುದು ಅಂತ ನಂಬಿತ್ತು. ಶಾಂತಿಕಾಲದ ಸರ್ಕಾರಕ್ಕೆ ತೂಬಿನ ಹತ್ತಿರ ಆ ಬಿಗಿ ಇರಲಿಲ್ಲ. ಇರಬೇಕಿತ್ತು ಅಂತ ಕೊನೆ ಭಾಗದವರು ಹೇಳಿದರೆ ಅದೂ ನ್ಯಾಯವೇ.

ಎರಡನೇ ತೊಡಕು ಹೂಳು. ಶುರುವಿನಲ್ಲಿ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಂತಿತ್ತು. ಈಗ ಲೆಕ್ಕ ಹಾಕುವುದು 105 ಚಿಲ್ಲರೆ. 28 ಟಿಎಂಸಿಯಷ್ಟು ಜಾಗದಲ್ಲಿ ಮಣ್ಣು ಕೂತಿದೆ. ಮಳೆ ಚೆನ್ನಾದ ವರ್ಷ ನೀರು ಬರುತ್ತದೆ, ಹಿಡಿದಿಡಲು ಜಾಗವಿಲ್ಲದೆ ಹೊಳೆಗೆ ಬಿಡಬೇಕು. ಡ್ಯಾಮಿನ 33 ಕ್ರಸ್ಟ್ ಗೇಟುಗಳಿಗೂ ವಯಸ್ಸಾಗಿತ್ತು. 2024ರ ಆಗಸ್ಟ್ 10ರ ರಾತ್ರಿ ಚೈನ್ ಕಡಿದು 19ನೇ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ಹೊಳೆ ಪಾಲಾಯಿತು.

ಹೂಳಿನಿಂದ ಕಳೆದುಕೊಂಡ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಸರ್ವೆಯಾಗಿದೆ, ಬಜೆಟ್ ಭಾಷಣಗಳಲ್ಲಿ ಹೆಸರು ಬಂದಿದೆ, ಪ್ರತಿ ಚುನಾವಣೆಯಲ್ಲೂ ಭರವಸೆ ಸಿಗುತ್ತದೆ. ಆದರೆ ನದಿಯ ನೀರಿನಲ್ಲಿ ಪಾಲಿರುವ ಆಂಧ್ರ, ತೆಲಂಗಾಣ ಎರಡೂ ಅದಕ್ಕೆ ಒಪ್ಪಬೇಕು. ಈಗ ಮೂರೂ ಕಡೆ ಶಾಸಕರಿದ್ದಾರೆ, ರೈತ ಸಂಘಗಳಿವೆ, ಚುನಾವಣೆಯಿದೆ. ಮುಳುಗಡೆಯಾಗುವ ಜಮೀನಿನವರಿಗೆ ಕೋರ್ಟಿಗೆ ಹೋಗುವ ದಾರಿಯಿದೆ. ಎರಡು ಸರ್ಕಾರಗಳು ಜನರನ್ನು ಕೇಳದೆ ಸಹಿ ಹಾಕಿ ಮುಗಿಸಿದ ಕೆಲಸವನ್ನು, ಎಲ್ಲರನ್ನೂ ಕೇಳಿ ಮೂರು ಸರ್ಕಾರಗಳು ಮಾಡಬೇಕಾಗಿದೆ. ಅದು ನಿಧಾನ ಆಗುತ್ತದೆ, ನಿಧಾನವೇ ಆಗಬೇಕು. ಅಲ್ಲಿಯ ತನಕ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟಿಸಲು ಇರುವುದು ಇದ್ದ ಕಾಲುವೆಯನ್ನೇ ಗಟ್ಟಿಯಾಗಿ ಕಾಯುವ ದಾರಿ. ಅದಕ್ಕೆ ಯಾವ ರಾಜ್ಯದ ಒಪ್ಪಿಗೆಯೂ ಬೇಕಿಲ್ಲ.